ಮಾಸ್ಟರು ಷಡ್ಡಕನನ್ನು ಕತ್ತರಿಸಿದ್ದು

ಷಡ್ಡಕ ಮಾಡಿದ ವಿಡಿಯೋ ನೋಡಿ ಅತ್ತೆ ಅತ್ತರು. ಟೈಲರ್ ಮಾಸ್ಟರ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಅತ್ತೆ ಒಬ್ಬರೇ ಅತ್ತಿದ್ದರೆ ಮಾಸ್ಟರು ಹೇಗೋ ಹಲ್ಲುಕಚ್ಚಿ ಸಹಿಸಿಕೊಳ್ಳುತ್ತಿದ್ದರು. ಮಾವ ಕೆಲಸದಿಂದ ನಿವೃತ್ತರಾದ ದಿನ, ಅವರ ಹಳೆಯ ಫೋಟೋಗಳನ್ನೆಲ್ಲ ಸಂಗೀತದ ಜೊತೆ ಪೋಣಿಸಿ ಟಿವಿಯಲ್ಲಿ ತೋರಿಸಿದರೆ ಯಾವ ಹೆಂಡತಿಯಾದರೂ ಕಣ್ಣೊರೆಸಿಕೊಂಡಾಳು. ಆದರೆ ಪಕ್ಕದಲ್ಲಿ ಕೂತಿದ್ದ ಮಾಸ್ಟರ ಸ್ವಂತ ಹೆಂಡತಿಯೂ ಅತ್ತಳು. ಅತ್ತು ಮೂಗೊರೆಸಿಕೊಂಡು, "ಎಷ್ಟು ಮನಸ್ಸಿಟ್ಟು ಮಾಡಿದ್ದಾರೆ ಅಲ್ವೇನ್ರಿ?" ಎಂದಳು. ಹದಿನೇಳು ವರ್ಷದ ಸಂಸಾರದಲ್ಲಿ ಮಾಸ್ಟರು ಅವಳಿಗೆ ಎಷ್ಟು ಉಡುಪು ಹೊಲಿದುಕೊಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ. ಒಂದನ್ನು ನೋಡಿಯೂ ಅವಳು ಅತ್ತವಳಲ್ಲ. (ಒಂದು ಸಲ ಅತ್ತಳು. ಅದು ತೋಳು ಬಿಗಿಯಾಗಿದ್ದಕ್ಕೆ.)

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಔಷಧ ಕಂಪನಿಯೊಂದರ ಪ್ರತಿನಿಧಿ. ಡಾಕ್ಟರುಗಳ ಬಾಗಿಲಲ್ಲಿ ಬ್ಯಾಗು ಹಿಡಿದು ನಗುವುದು ಅವನ ಕಸುಬು. ಉಳಿದ ನಗುವನ್ನು ಮನೆಗೆ ತರುತ್ತಾನೆ. (ಅವನಿಗೆ ಬಹುವಚನ ಕೊಡೋಣವೆಂದು ಕಥೆ ಹೇಳುವವರಿಗೂ ಆಸೆ. ಮಾಸ್ಟರು ಒಪ್ಪುವುದಿಲ್ಲ.) ಅವನ ಇನ್ನೊಂದು ಅಪರಾಧವೆಂದರೆ ರೆಡಿಮೇಡ್ ಅಂಗಿ. ಮನೆಯಲ್ಲೇ ಒಬ್ಬ ಟೈಲರ್ ಇದ್ದರೂ ಹನ್ನೆರಡು ವರ್ಷದಲ್ಲಿ ಒಂದು ಗುಂಡಿ ಹಾಕಿಸಿಕೊಳ್ಳುವುದಕ್ಕೂ ಅವನು ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಭುಜದ ಹೊಲಿಗೆ ಒಂದಂಗುಲ ಕೆಳಗೆ ಜಾರಿರುವ ಆ ಅಂಗಿಯನ್ನು ಮಾಸ್ಟರು ರಸ್ತೆಯ ಆಚೆ ತುದಿಯಿಂದಲೇ ಗುರುತು ಹಿಡಿಯುತ್ತಾರೆ. ಅವರು ಯಾರನ್ನಾದರೂ ಗುರುತು ಹಿಡಿಯುವುದು ಹಾಗೆಯೇ. ಮುಖ ಅವರ ತಲೆಯಲ್ಲಿ ನಿಲ್ಲುವುದಿಲ್ಲ. ಎದೆ ನಲವತ್ತೆರಡು, ಎಡಭುಜ ತುಸು ತಗ್ಗು ಎಂದರೆ ಅದು ಪಕ್ಕದ ಅಂಗಡಿಯ ಕನ್ನಡಕದವರು, ಅಷ್ಟೇ.

ಇದಾಗಿ ಆರು ತಿಂಗಳಿಗೆ ಅತ್ತೆ ಮಾವನ ಮದುವೆಗೆ ನಲವತ್ತು ವರ್ಷ ತುಂಬುವ ದಿನ ಹತ್ತಿರ ಬಂತು. ಹೆಂಡತಿ ತಂಗಿಯ ಜೊತೆ ಫೋನಿನಲ್ಲಿ, "ಈ ಸಲಾನೂ ನಿಮ್ಮೆಜಮಾನ್ರೇ ವಿಡಿಯೋ ಮಾಡ್ಲಿ ಕಣೇ, ಅವರಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತೆ" ಎನ್ನುತ್ತಿದ್ದದ್ದು ಇಸ್ತ್ರಿ ಮಾಡುತ್ತಿದ್ದ ಮಾಸ್ಟರ ಕಿವಿಗೆ ಬಿತ್ತು. ಗಿರಾಕಿಯೊಬ್ಬರ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು.

"ಈ ಸಲ ವಿಡಿಯೋ ನಾನು ಮಾಡ್ತೀನಿ" ಎಂದರು ಮಾಸ್ಟರು.

"ನೀವಾ?" ಎಂದಳು ಹೆಂಡತಿ. ಫೋನನ್ನು ಎದೆಗೆ ಒತ್ತಿ ಹಿಡಿದು, ಆ ಎರಡಕ್ಷರವನ್ನು ಒಂದು ಮೊಳ ಎಳೆದಳು.

"ಯಾಕೆ? ಅವನಿಗಿರೋ ಎರಡು ಕೈ ನನಗಿಲ್ವಾ?"

"ಕೈ ಇದೆ. ಆದ್ರೆ ಫೋನಲ್ಲಿ ಫೋಟೋ ತೆಗೆದ್ರೆ ಎಲ್ಲರ ಕಾಲು ಮಾತ್ರ ಬರುತ್ತಲ್ಲ."

"ಅದು ಪ್ಯಾಂಟಿನ ಅಂಚು ನೋಡೋಕೆ ತೆಗೆದಿದ್ದು."

"ಆಯ್ತು ಬಿಡಿ, ಮಾಡಿ. ಮುಗಿದ ಮೇಲೆ ಒಂದ್ಸಲ ನನಗೆ ತೋರಿಸಿಬಿಡಿ, ಅಷ್ಟೇ."

"ತೋರಿಸಲ್ಲ. ಎಲ್ಲರ ಜೊತೆ ಕೂತು ನೋಡು."

ಅವಳು ಎಲ್ಲರ ನಡುವೆ ಕೂತು, ತನ್ನ ಗಂಡ ಮಾಡಿದ್ದನ್ನು ನೋಡಿ, ಷಡ್ಡಕನ ಎದುರಿಗೇ ಮೂಗೊರೆಸಿಕೊಳ್ಳಬೇಕು. ಮಾಸ್ಟರಿಗೆ ಬೇಕಾಗಿದ್ದದ್ದು ಅದೊಂದೇ. ಅತ್ತೆಯ ಕಣ್ಣೀರೂ ಸಿಕ್ಕರೆ ಮೇಲೆ ಕೊಸರು.

ಮರುದಿನ ಮಧ್ಯಾಹ್ನ, ಅಂಗಡಿಗೆ ಯಾರೂ ಬಾರದ ಹೊತ್ತಿನಲ್ಲಿ, ಮಾಸ್ಟರು ಹೆಂಡತಿಯ ಲ್ಯಾಪ್‌ಟಾಪನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. 'ಉಚಿತ ವಿಡಿಯೋ ಎಡಿಟಿಂಗ್' ಎಂದು ಹುಡುಕಿದಾಗ ಒಂದು ಸಾಫ್ಟ್‌ವೇರ್ ಸಿಕ್ಕಿತು. ಇಳಿಸಿಕೊಳ್ಳಲು ಅದು ಕೇಳಿದ ಪ್ರಶ್ನೆಗಳಿಗೆಲ್ಲ 'ಒಪ್ಪಿದೆ' ಎಂದು ಒತ್ತಿದರು. ಹೆಂಡತಿಗೂ ಅವರು ಅಷ್ಟು ಸಲ ಒಪ್ಪಿಗೆ ಕೊಟ್ಟಿರಲಿಲ್ಲ. ಆಮೇಲೆ ಪಾಠ ಹೇಳಿಕೊಡುವವನೊಬ್ಬನ ವಿಡಿಯೋ ಹಾಕಿಕೊಂಡರು. ಆ ಪುಣ್ಯಾತ್ಮ ರೈಲು ತಪ್ಪುತ್ತದೆಂಬಂತೆ ಮಾತಾಡುತ್ತಿದ್ದ. 'ಇಲ್ಲಿ ಕ್ಲಿಕ್ ಮಾಡಿ' ಎನ್ನುವಷ್ಟರಲ್ಲಿ ಅವನ ಬಾಣದ ಗುರುತು ಇನ್ನೆಲ್ಲೋ ಇರುತ್ತಿತ್ತು. ಮಾಸ್ಟರು ಕನ್ನಡಕ ಏರಿಸಿ, ಇಳಿಸಿ, ನಿಲ್ಲಿಸಿ, ಹಿಂದಕ್ಕೋಡಿಸಿ, ಮೂರು ಮಧ್ಯಾಹ್ನ ಅವನ ಬೆನ್ನು ಹತ್ತಿದರು.

ಅಷ್ಟರಲ್ಲಿ ಒಂದು ಅನಾಹುತವೂ ಆಯಿತು. ಸಾಫ್ಟ್‌ವೇರಿನೊಳಗೆ ಕೈ ಪಳಗಿಸಲೆಂದು ತುಂಬಿದ್ದ ಅಂಗಡಿಯ ವಿಡಿಯೋಗಳೆಲ್ಲ ಲ್ಯಾಪ್‌ಟಾಪಿನ ಮುಖಪುಟದಲ್ಲಿ ಚೆಲ್ಲಾಡಿಕೊಂಡಿದ್ದವು. ಅಚ್ಚುಕಟ್ಟಿನ ಮನುಷ್ಯರಾದ ಮಾಸ್ಟರು ಅವನ್ನೆಲ್ಲ ಒಂದು ಫೋಲ್ಡರಿಗೆ ಎತ್ತಿಟ್ಟರು. ಮರುದಿನ ತೆರೆದರೆ ಚಿತ್ರವಿದ್ದ ಕಡೆಯೆಲ್ಲ ಕೆಂಪು ಚೌಕ, 'ಫೈಲು ಸಿಗುತ್ತಿಲ್ಲ' ಎಂಬ ದೂರು. ಎತ್ತಿಟ್ಟವರನ್ನೇ ಎಲ್ಲಿಟ್ಟಿರಿ ಎಂದು ಕೇಳುವ ಚಾಳಿ ಮನೆಯಲ್ಲಷ್ಟೇ ಅಲ್ಲ, ಸಾಫ್ಟ್‌ವೇರಿನಲ್ಲೂ ಇದೆಯೆಂದು ಮಾಸ್ಟರಿಗೆ ತಿಳಿಯಿತು. ಎಲ್ಲವನ್ನೂ ಮೊದಲಿದ್ದ ಜಾಗಕ್ಕೇ ತಂದು ಹರಡಿದ ಮೇಲೆ ಅದು ಸುಮ್ಮನಾಯಿತು.

ಆದರೆ 'ಕಟ್' ಎಂಬ ಆಜ್ಞೆಗೆ ಕತ್ತರಿಯ ಚಿತ್ರವೇ ಇದ್ದದ್ದು ನೋಡಿ ಮಾಸ್ಟರು ಅರಳಿಹೋದರು. ಇದು ತನ್ನದೇ ಸಾಮ್ರಾಜ್ಯ ಎನಿಸಿತು. ಮೊದಲ ಸಲ ಕತ್ತರಿಸುವ ಮುನ್ನ ರೂಢಿಯಂತೆ ಎರಡೆರಡು ಸಲ ಅಳತೆ ನೋಡಿದರು. ಬಟ್ಟೆಗೆ ಒಮ್ಮೆ ಕತ್ತರಿ ಬಿದ್ದರೆ ಬಿತ್ತು. ಇಲ್ಲಿ ನೋಡಿದರೆ, ಕತ್ತರಿಸಿದ್ದನ್ನು ಮತ್ತೆ ಕೂಡಿಸುವ ಗುಂಡಿಯೊಂದಿತ್ತು. ಮಾಸ್ಟರು ಕತ್ತರಿಸಿದರು, ಕೂಡಿಸಿದರು, ಕತ್ತರಿಸಿದರು, ಕೂಡಿಸಿದರು. ಮೂವತ್ತು ವರ್ಷದಲ್ಲಿ ತಾವು ಕೆಡಿಸಿದ ಕೋಟುಗಳೆಲ್ಲ ಕಣ್ಣ ಮುಂದೆ ಬಂದು ಕಾಲು ಗಂಟೆ ಕೆಲಸವೇ ಸಾಗಲಿಲ್ಲ.

ಇನ್ನು ಹಳೆಯ ವಿಡಿಯೋಗಳ ಮಾತು. ಅವು ಇದ್ದದ್ದೆಲ್ಲ ಷಡ್ಡಕನ ಹತ್ತಿರ. ಕೇಳದೆ ಗತಿಯಿರಲಿಲ್ಲ. ಕೇಳಿದ ಹತ್ತೇ ನಿಮಿಷಕ್ಕೆ ಹನ್ನೆರಡು ವರ್ಷದ್ದನ್ನೂ ವರ್ಷವಾರು ಜೋಡಿಸಿ ಕಳಿಸಿದ. "ಭಾವ, ಏನೇ ಸಹಾಯ ಬೇಕಾದ್ರೂ ಒಂದು ಫೋನ್ ಮಾಡಿ, ನಾನೇ ಬಂದು ಕೂತ್ಕೊಂಡು ಹೇಳ್ಕೊಡ್ತೀನಿ" ಎಂದೂ ಸೇರಿಸಿದ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವ ಕಷ್ಟ ಪಟ್ಟವರಿಗೇ ಗೊತ್ತು. ಬೈಯಲು ಒಂದು ಕಾರಣವೂ ಸಿಗುವುದಿಲ್ಲ.

ವಿಡಿಯೋ ತೆರೆದರೆ ಎಲ್ಲದರಲ್ಲೂ ಅವನೇ. ಹಿಡಿದವಳು ನಾದಿನಿ. ಕ್ಯಾಮೆರಾ ಹೆಂಡತಿಯ ಕೈಯಲ್ಲಿದ್ದರೆ ಗಂಡ ಬಾರದೆ ಇನ್ಯಾರು ಬಂದಾರು? (ತಮ್ಮ ಹೆಂಡತಿಗೆ ಈ ಬುದ್ಧಿ ಯಾಕೆ ಬರಲಿಲ್ಲವೆಂಬ ಪ್ರಶ್ನೆಯನ್ನು ಮಾಸ್ಟರು ಬೇರೆ ದಿನಕ್ಕೆ ಇಟ್ಟುಕೊಂಡರು.) ನಾದಿನಿಯ ಮದುವೆಯ ಮರುದಿನ, ಸರಿ, ಮದುಮಗ ಅವನೇ, ಕ್ಷಮಿಸಬಹುದು. ಆದರೆ ಮಾವ ಹೊಸ ಕಾರು ತಂದ ದಿನ ಕಾರಿನ ಬಾಗಿಲು ಹಿಡಿದವನು ಅವನು. ಕಡಲತೀರಕ್ಕೆ ಹೋದಾಗ ಅತ್ತೆಯ ಚಪ್ಪಲಿ ಹಿಡಿದು ನಿಂತವನು ಅವನು. ಎಲ್ಲರೂ ಸಾಲಾಗಿ ನಿಂತಾಗ ಬೆಳಕು ಚೆನ್ನಾಗಿ ಬೀಳುವ ಬಲತುದಿಯಲ್ಲಿ ಅವನು, ನಡುವೆ ಅತ್ತೆ ಮಾವ, ಎಡತುದಿಯ ಕತ್ತಲಲ್ಲಿ ಮಾಸ್ಟರು ಮತ್ತು ಅವರ ಹೆಂಡತಿ.

ಮಾಸ್ಟರು ಕುರ್ಚಿಗೆ ಒರಗಿ ಒಂದು ನಿಮಿಷ ಯೋಚಿಸಿದರು. ಬಲತುದಿಯಲ್ಲಿದ್ದಾನೆ. ಬಲಗಡೆಯಿಂದ ಕತ್ತರಿಸಿದರಾಯಿತು.

ಮೂರು ವಾರ ಮಾಸ್ಟರು ಈ ಯಜ್ಞ ನಡೆಸಿದರು. ಪರದೆಯ ಮೂಲೆಯಲ್ಲಿ ಅಂಗೈಯಗಲದ ಕಿಟಕಿಯಲ್ಲಿ ವಿಡಿಯೋ ಓಡುತ್ತಿತ್ತು. ಅವರ ಕಣ್ಣು ಅದರ ಬಲ ಅಂಚನ್ನು ಬಿಟ್ಟು ಕದಲುತ್ತಿರಲಿಲ್ಲ. ಜಾರಿದ ಭುಜದ ಹೊಲಿಗೆ ಕಂಡೊಡನೆ ಚೌಕಟ್ಟನ್ನು ಎಡಕ್ಕೆ ಎಳೆದು, ಚಿತ್ರವನ್ನು ಹಿಗ್ಗಿಸಿ, ಅಂಗಿಯ ನೂಲೂ ಉಳಿಯದಂತೆ ಕತ್ತರಿಸುತ್ತಿದ್ದರು. ಒಂದೆರಡು ಕಡೆ ಮಾವನ ಒಂದು ಕಿವಿಯೂ ಹೋಯಿತು. ಹೊಲಿಗೆಗೆ ಸ್ವಲ್ಪ ಬಟ್ಟೆ ಹೋಗುವುದು ಸಹಜ ಎಂದುಕೊಂಡರು. ಉಳಿದ ಭಾಗದಲ್ಲಿ ತಾವೇ ಹೊಲಿದ ನೀಲಿ ಕೋಟು, ಬೂದು ಕೋಟು, ಹೆಂಡತಿಯ ಹಸಿರು ಉಡುಪು ಎಲ್ಲವೂ ಭುಜದ ಮೇಲೆ ಹೂವಿನಂತೆ ಕೂತಿದ್ದವು. ಅದನ್ನು ನೋಡಿ ಮಾಸ್ಟರಿಗೆ ತೃಪ್ತಿಯಾಯಿತು.

ಕೊನೆಗೆ ಒಗ್ಗರಣೆ. 'ಭಾವನಾತ್ಮಕ' ಎಂಬ ಹೆಸರಿನಡಿ ಸಾಫ್ಟ್‌ವೇರ್ ಮೂರು ಸೌಲಭ್ಯ ಕೊಟ್ಟಿತ್ತು. ಮೊದಲನೆಯದು ಪಿಟೀಲು. ಎರಡನೆಯದು ನಿಧಾನಗತಿ. ಮೂರನೆಯದರಲ್ಲಿ ಚಿತ್ರದ ನಟ್ಟನಡುವೆ ಇರುವವರ ಮುಖಕ್ಕೆ ಕ್ಯಾಮೆರಾ ಮೆಲ್ಲಗೆ ಹತ್ತಿರ ಹೋಗುತ್ತದೆ. ನಡುವೆ ಇರುವವರು ಅತ್ತೆ ಮಾವ ತಾನೇ ಎಂದು ಮಾಸ್ಟರು ಮೂರನ್ನೂ ಎಲ್ಲ ತುಣುಕುಗಳಿಗೂ ಧಾರಾಳವಾಗಿ ಸುರಿದರು. ಆಮೇಲೆ ಎಲ್ಲವನ್ನೂ ಒಂದು ಫೈಲು ಮಾಡಿ, ಪೆನ್‌ಡ್ರೈವಿಗೆ ಹಾಕಿ, ಕೋಟಿನ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು.

ಆ ಭಾನುವಾರ ಬೆಳಗ್ಗೆ ಅತ್ತೆಮನೆಯ ಹಜಾರದಲ್ಲಿ ದೊಡ್ಡ ಟಿವಿಯ ಮುಂದೆ ಎಲ್ಲರೂ ಕೂತರು. ಸೋಫಾದ ಮೇಲೆ ಅತ್ತೆ ಮಾವ, ಕೆಳಗೆ ನಾದಿನಿ, ಅವಳ ಪಕ್ಕ ಷಡ್ಡಕ, ಬಾಗಿಲ ಹತ್ತಿರ ನೆರೆಮನೆಯ ದಂಪತಿ. ಪೆನ್‌ಡ್ರೈವ್ ಚುಚ್ಚಿಕೊಟ್ಟವನೂ ಷಡ್ಡಕನೇ. ಮಾಸ್ಟರು ಹೆಂಡತಿಯ ಪಕ್ಕ ಕುರ್ಚಿ ಎಳೆದುಕೊಂಡು, ಅವಳಿಗೆ ಬೇಕಾಗಬಹುದೆಂದು ಜೇಬಿನಿಂದ ಕರವಸ್ತ್ರ ತೆಗೆದು ಸಿದ್ಧವಾಗಿಟ್ಟುಕೊಂಡರು.

ಪಿಟೀಲು ಶುರುವಾಯಿತು. ಮೊದಲ ತುಣುಕು ನಾದಿನಿಯ ಮದುವೆಯ ಮರುದಿನದ್ದು. ಪರದೆಯ ಬಲ ಅಂಚಿನಲ್ಲಿ ಅತ್ತೆ ಮಾವ ಅರ್ಧರ್ಧ. ನಟ್ಟನಡುವೆ ನೀಲಿ ಕೋಟಿನಲ್ಲಿ ಮಾಸ್ಟರು. ಕ್ಯಾಮೆರಾ ಮೆಲ್ಲಗೆ ಅವರ ಮುಖಕ್ಕೆ ಹತ್ತಿರ ಹೋಯಿತು. ಮುಖ ಬಾಗಿಲಗಲವಾಯಿತು. ಆ ಮುಖದಲ್ಲಿ ತುಟಿ ಒಂದು ಕಡೆಗೆ ಸೊಟ್ಟಗಾಗಿ, ಹುಬ್ಬು ಗಂಟಿಕ್ಕಿ, ಎರಡು ಕಣ್ಣೂ ಅಂಚಿಗೆ ಸರಿದು, ಪರದೆಯಾಚೆ ಬಲಗಡೆ ಇದ್ದ ಯಾರನ್ನೋ ಸುಟ್ಟುಬಿಡುವಂತೆ ನೋಡುತ್ತಿದ್ದವು. ನಿಧಾನಗತಿಯಲ್ಲಿ ನೋಡುತ್ತಿದ್ದವು.

ಮಾಸ್ಟರು ಒಂದು ತುಣುಕು ತಾನೇ ಎಂದುಕೊಂಡರು. ಎರಡನೆಯದು ಕಾರು ಬಂದ ದಿನ. ಮಾವನ ಕಿವಿ, ಕಾರಿನ ಕನ್ನಡಿ, ನಡುವೆ ಬೂದು ಕೋಟು, ಅದೇ ಸೊಟ್ಟ ತುಟಿ, ಅದೇ ಓರೆಗಣ್ಣು. ಮೂರನೆಯದು ಕಡಲತೀರ. ಹಿಂದೆ ಅಲೆ ಬರುತ್ತಿದೆ, ಮುಂದೆ ಮಾಸ್ಟರು ಕುದಿಯುತ್ತಿದ್ದಾರೆ.

"ಅಳಿಯಂದಿರಿಗೆ ಆಗ ಕಣ್ಣುನೋವು ಇತ್ತೇನೋ" ಎಂದರು ಅತ್ತೆ, ಮೆಲ್ಲಗೆ.

"ಅಷ್ಟೂ ವರ್ಷವಾ?" ಎಂದರು ಮಾವ.

ನಾದಿನಿ ಟಿವಿಯ ಹತ್ತಿರಕ್ಕೆ ಸರಿದು, "ಭಾವ ಪ್ರತಿ ಸಲಾನೂ ಯಾರನ್ನೋ ನೋಡ್ತಿದ್ದಾರಲ್ಲ. ಆ ಕಡೆ ಯಾರಿದ್ರು?" ಎಂದಳು.

ಷಡ್ಡಕ ತಲೆ ವಾರೆ ಮಾಡಿ ನೋಡಿದ. ಲೆಕ್ಕ ಹಾಕಿದ. ನಾಲ್ಕನೆಯ ತುಣುಕನ್ನೂ ಪೂರ್ತಿ ನೋಡಿ ಖಾತ್ರಿ ಮಾಡಿಕೊಂಡ. ಆಮೇಲೆ ಬಹಳ ಸಂಕೋಚದಿಂದ, "ನಾನು ಅನ್ಸುತ್ತೆ" ಎಂದ.

ಮೊದಲು ನಕ್ಕವರು ಮಾವ. ಅವರ ಹಿಂದೆಯೇ ಅತ್ತೆ. ಅತ್ತೆಗೆ ನಗು ಉಕ್ಕಿ ಕಣ್ಣೀರು ಧಾರಾಕಾರ ಹರಿಯಿತು. ಕರವಸ್ತ್ರ ಬೇಕೆಂದು ಮಾಸ್ಟರ ಕಡೆಗೇ ಕೈ ಚಾಚಿದರು. ನೆರೆಯಾತ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ. "ಇನ್ನೊಂದ್ಸಲ ಹಾಕಿ, ಕಡಲತೀರದ್ದು ಹಾಕಿ" ಎಂದು ಬೇಡಿಕೆಗಳು ಬಂದವು. ಷಡ್ಡಕನ ವಿಡಿಯೋವನ್ನು ಯಾರೂ ಎರಡನೇ ಸಲ ಕೇಳಿರಲಿಲ್ಲ. ಆದರೆ ಆ ಗೆಲುವಿನಿಂದ ಮಾಸ್ಟರಿಗೆ ಯಾವ ಸುಖವೂ ಆಗಲಿಲ್ಲ. ಎಲ್ಲಾದರೂ ಒಂದು ದೊಡ್ಡ ಬಟ್ಟೆ ಸಿಕ್ಕಿದ್ದರೆ ಮುಸುಕು ಹಾಕಿಕೊಂಡುಬಿಡುತ್ತಿದ್ದರು.

ಹೆಂಡತಿ ಮಾತ್ರ ನಗಲಿಲ್ಲ. ವಿಡಿಯೋ ಮೂರನೇ ಸಲ ಮುಗಿಯುವವರೆಗೂ ನೋಡಿ, ಗಂಡನ ಕಿವಿಯ ಹತ್ತಿರ ಬಾಗಿದಳು.

"ಹನ್ನೆರಡು ವರ್ಷ" ಎಂದಳು. "ಎಲ್ಲದರಲ್ಲೂ ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೀನಿ. ಒಂದರಲ್ಲಾದ್ರೂ ನೀವು ನನ್ನ ಕಡೆ ನೋಡಿದ್ದೀರಾ?"

ಮಾಸ್ಟರು ಟಿವಿಯ ಕಡೆ ನೋಡಿದರು. ಅಲ್ಲಿ ಅವರೇ ಹೊಲಿದ ಉಡುಪು ತೊಟ್ಟವಳು ಪ್ರತಿ ತುಣುಕಿನಲ್ಲೂ ಅವರ ಕಡೆಗೇ ನೋಡುತ್ತಿದ್ದಳು. ಆ ಉಡುಪುಗಳನ್ನು ಮೂರು ವಾರ ನೋಡಿದ್ದರು, ಅವಳನ್ನು ಕಂಡಿರಲಿಲ್ಲ. ಅವರು ಕುರ್ಚಿ ತಿರುಗಿಸಿ, ಅಳತೆ ತೆಗೆದುಕೊಳ್ಳದೆ, ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದರು. ಕಣ್ಣಿನ ಪಕ್ಕದಲ್ಲಿ ಸಣ್ಣ ಸುಕ್ಕು, ಕಿವಿಯ ಮೇಲೆ ಎರಡು ಬೆಳ್ಳಿ ಕೂದಲು, ಗಲ್ಲದಲ್ಲಿ ಒಂದು ಮಚ್ಚೆ. ಚೆನ್ನಾಗಿದ್ದಳು. ಅವಳ ಮುಖ ಮೆಲ್ಲಗೆ ಕೆಂಪಾಯಿತು.

"ಭಾವ, ಅತ್ತಿಗೆ, ಹಾಗೇ ಇರಿ, ಅಲುಗಾಡಬೇಡಿ. ತುಂಬ ಚೆನ್ನಾಗಿ ಬರ್ತಿದೆ" ಎಂಬ ದನಿ ಬಲಗಡೆಯಿಂದ ಕೇಳಿತು. ಷಡ್ಡಕ ಫೋನು ಎತ್ತಿ ಹಿಡಿದಿದ್ದ.

"ಈ ಕಡೆ ನೋಡ್ರಿ" ಎಂದಳು ಹೆಂಡತಿ, ತುಟಿ ಅಲುಗಿಸದೆ. "ನನ್ನನ್ನೇ ನೋಡ್ರಿ."

ಮಾಸ್ಟರು ನೋಡಿದರು. ಮನಸ್ಸಿಟ್ಟು ನೋಡಿದರು. ಕತ್ತಿನ ನರ ಬಿಗಿದು ನೋಡಿದರು.

ಆ ವಿಡಿಯೋ ಈಗ ಮನೆಮಂದಿಯ ಫೋನುಗಳಲ್ಲೆಲ್ಲ ಇದೆ. ಹನ್ನೊಂದು ಸೆಕೆಂಡಿನದು. ಮೊದಲ ಒಂಬತ್ತು ಸೆಕೆಂಡು ಮಾಸ್ಟರು ಹೆಂಡತಿಯನ್ನೇ ನೋಡುತ್ತಿದ್ದಾರೆ. ಸಾಫ್ಟ್‌ವೇರನ್ನು ಅಂದೇ ಮಧ್ಯಾಹ್ನ ಅಳಿಸಿಹಾಕಿದ್ದರಿಂದ, ಕೊನೆಯ ಎರಡು ಸೆಕೆಂಡನ್ನು ದಯವಿಟ್ಟು ಕತ್ತರಿಸಿಕೊಡಿ ಎಂದು ಅವರು ಷಡ್ಡಕನನ್ನೇ ಕೇಳಬೇಕಾಯಿತು.