ಡಬ್ಬದ ಮೇಲೆ ಬರೆದಂಗೆ ಐತಾ ಸಾ, ಈ ಬಿಲ್ಲು?

ಹಾಸನದ ಮೈದಾನದ ಮೂಲೆಯಲ್ಲಿ ಬಿಲ್ಲುಗಾರಿಕೆ ಹೇಳಿಕೊಡಲು ಶುರುಮಾಡಿದ ಮೇಲೆ ನನಗೆ ಭಾನುವಾರ ಅನ್ನುವುದೇ ಉಳಿದಿಲ್ಲ. ಯಾರಾದರೂ ಒಬ್ಬರು ಆನ್‌ಲೈನಿನಲ್ಲಿ ತರಿಸಿದ ದುಬಾರಿ ಬಿಲ್ಲನ್ನು ಡಬ್ಬದ ಸಮೇತ ಹೊತ್ತುಕೊಂಡು ಬಂದೇ ಬರುತ್ತಾರೆ. "ಡಬ್ಬದ ಮ್ಯಾಲೆ ಬರ್ದಂಗೈತಾ, ಒಸಿ ನೋಡಿ ಯೇಳ್ಬುಡಿ ಸಾ" ಅನ್ನುತ್ತಾರೆ. ಡಬ್ಬದ ಮೇಲೆ ಏನು ಬೇಕಾದರೂ ಬರೆಯಬಹುದು; ಬರೆದವನ ಗಂಟೇನು ಹೋಗುತ್ತದೆ? ಹೋಗುವುದು ನನ್ನ ನಿದ್ದೆ. ನಾನು 'ಹೂಂ' ಅಂದ ಬಿಲ್ಲು ಜಿಲ್ಲಾ ತಂಡದ ಆಯ್ಕೆಯ ದಿನ ಕೈಕೊಟ್ಟರೆ ಯಾವುದೋ ಮಗುವಿನ ಒಂದು ವರ್ಷ ಮಣ್ಣುಪಾಲು.

ನಡುಕಕ್ಕೆ ಮದ್ದು

ಹೊಳೆನರಸೀಪುರದ ಅಂಗಡಿಯವರೊಬ್ಬರು ಕಲಿಯಲು ಬರುತ್ತಿದ್ದರು. ಉತ್ಸಾಹಕ್ಕೇನೂ ಕಡಿಮೆಯಿಲ್ಲ, ಆದರೆ ಬಿಲ್ಲು ಎತ್ತಿದರೆ ಕೈ ನಡುಗುತ್ತಿತ್ತು. ಬಿಲ್ಲಿನ ಮುಂದಕ್ಕೆ ಉದ್ದನೆಯ ಕಡ್ಡಿಯೊಂದನ್ನು ಸಿಕ್ಕಿಸುತ್ತಾರೆ, ಅದು ಅಲುಗಾಟ ತಡೆಯುತ್ತದೆ. ಅದರ ಹೆಸರು ಸ್ಟೆಬಿಲೈಸರ್. ನಾನು ಕಡ್ಡಿಯ ವಿಷಯ ಹೇಳದೆ, "ಒಂದು ಒಳ್ಳೆ ಸ್ಟೆಬಿಲೈಸರ್ ಹಾಕಿದರೆ ಎಲ್ಲ ಸರಿಹೋಗುತ್ತೆ" ಅಂದುಬಿಟ್ಟೆ.

ಮುಂದಿನ ಭಾನುವಾರ ಅವರು ಬಸ್ಸಿಳಿದು, ಕಬ್ಬಿಣದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದರು. ಪೆಟ್ಟಿಗೆಯಿಂದ ವೈರು ಜೋತಾಡುತ್ತಿತ್ತು.

"ಏನ್ರೀ ಇದು?"

"ಸ್ಟೆಬಿಲೈಸರ್ ಸಾ. ಮನೆ ಫ್ರಿಜ್ಜಿಂದು ಬಿಚ್ಕಂಡ್ ಬಂದಿವ್ನಿ. ನಮ್ಮೂರ್ ಕರೆಂಟ್ನೇ ತಡ್ಕಂಡೈತೆ, ನನ್ ಕೈ ಯಾವ ಲೆಕ್ಕ?"

ಸದ್ದಿಲ್ಲದ ಬಿಲ್ಲು

ಅರಕಲಗೂಡಿನ ಕಡೆಯ ರೈತರೊಬ್ಬರು ತಂದ ಬಿಲ್ಲಿನ ಜಾಹೀರಾತಿನಲ್ಲಿ, ಬಾಣ ಬಿಟ್ಟರೆ ಪಕ್ಕದಲ್ಲಿ ನಿಂತವರಿಗೂ ಕೇಳಿಸದು ಎಂದಿತ್ತು. ನನಗೆ ಇಂಥ ಮಾತು ಕೇಳಿದರೇ ಮೈ ಉರಿಯುತ್ತದೆ. ಸುಳ್ಳು ಅಂತ ತೋರಿಸಿಯೇ ಬಿಡೋಣ ಎಂದು ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಬಾಣ ಬಿಟ್ಟೆ. ನಿಜಕ್ಕೂ ಉಸಿರು ಬಿಟ್ಟಷ್ಟೂ ಸದ್ದಿಲ್ಲ! ಮನಸ್ಸಿಲ್ಲದ ಮನಸ್ಸಿನಿಂದ, "ಕಂಪನಿಯವರು ಹೇಳಿದ್ದು ಅಕ್ಷರಶಃ ನಿಜ" ಅಂದೆ.

ಅವರ ಮುಖ ಬಾಡಿತು. "ಅಂಗಾದ್ರೆ ಕೆಟ್ಟೆ ಕಣಿ ಸಾ. ಜ್ವಾಳದ ಒಲಕ್ಕೆ ಕೋತಿ ಬತ್ತವೆ. ಒಡಿಯಕ್ಕಲ್ಲ, ಬರೀ ಎದರ್ಸಕ್ಕೆ ಅಂತ ತರಿಸ್ದೆ. ಸದ್ದೇ ಬರ್ನಿಲ್ಲ ಅಂದ್ರೆ ಅವು ಎಂಗ್ ಓಡೋಯ್ತವೆ? ಕೂತ್ಕಂಡು ನೋಡ್ತವೆ!"

"ಬೇಜಾರು ಮಾಡ್ಕೋಬೇಡಿ, ವಾಪಸ್ ಕಳಿಸಬಹುದು. ಬಿಲ್ಲಿದೆಯಾ?" ಅಂದೆ.

ಅವರು ನನ್ನ ಕೈಯಲ್ಲಿದ್ದ ಬಿಲ್ಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ಇಲ್ಲೇ ಐತಲ್ಲ ಸಾ! ಇಷ್ಟ್ ದೊಡ್ಡದು ಕಾಣ್ದೋರು ಮಕ್ಕಳಿಗೆ ಗುರಿ ಯೆಂಗ್ ಯೇಳ್ಕೊಡ್ತೀರಾ?"

ಕೆಂಪು ಚುಕ್ಕಿ

ಚನ್ನರಾಯಪಟ್ಟಣದ ಬಸ್ ಕಂಡಕ್ಟರೊಬ್ಬರ ಮಗಳು ನನ್ನ ಬಳಿ ಕಲಿಯುತ್ತಿದ್ದಳು. ಒಳ್ಳೆಯ ಕೈ. ನಾನೇ ಒಪ್ಪಿ ಹೇಳಿದ ಮೇಲೆ ಅಪ್ಪ ಅವಳಿಗೊಂದು ಭಾರೀ ಬಿಲ್ಲು ತರಿಸಿಕೊಟ್ಟರು. ಗುರಿ ನೋಡಲು ಅದರಲ್ಲೊಂದು ದುಂಡನೆಯ ಗಾಜು. 'ಗಾಜಿನ ಕೆಂಪು ಚುಕ್ಕಿಯನ್ನು ಗುರಿಯ ಮೇಲಿಡಿ, ಮಿಕ್ಕಿದ್ದು ನಮಗೆ ಬಿಡಿ' ಎಂದು ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು.

ಜಿಲ್ಲಾ ಆಯ್ಕೆ ಹತ್ತಿರ ಬಂತು. ಹೊಸ ಬಿಲ್ಲು ಹಿಡಿದಾಗಿನಿಂದ ಹುಡುಗಿಯ ಬಾಣಗಳೆಲ್ಲ ಗುರಿಹಲಗೆಯ ಕೆಳಗೆ ಹುಲ್ಲಿಗೆ ಹೋಗಿ ಚುಚ್ಚಿಕೊಳ್ಳುತ್ತಿದ್ದವು. ಅವಳ ಕಣ್ಣಲ್ಲಿ ನೀರು. "ನಿಮ್ ಮಾತ್ ನಂಬ್ಕಂಡ್ ತಂದೆ ಸಾ" ಎಂದು ಅಪ್ಪ ಮೆಲ್ಲಗೆ ಅಂದರು. ಬೈದಿದ್ದರೆ ವಾಸಿಯಿತ್ತು. ನನಗೆ ಅನ್ನ ಸೇರಲಿಲ್ಲ.

ಹುಲ್ಲಿನಿಂದ ಬಾಣ ಕೀಳುವಾಗ ನೋಡುತ್ತೇನೆ, ಎಲ್ಲವೂ ಒಂದು ಹಿಡಿ ಜಾಗದಲ್ಲೇ ಚುಚ್ಚಿಕೊಂಡಿವೆ. ಕೆಟ್ಟ ಬಿಲ್ಲು ಹೀಗೆ ಹೊಡೆಯುವುದಿಲ್ಲ. ಓಡಿಬಂದು ಗಾಜಿಗೆ ಕಣ್ಣಿಟ್ಟೆ. ಮೇಲ್ಗಡೆ ಢಾಳಾಗಿ ಒಂದು ಕೆಂಪು ಚುಕ್ಕಿ, ನಡುವೆ ಸಾಸಿವೆಗಿಂತ ಸಣ್ಣದು ಇನ್ನೊಂದು.

"ಈ ಮೇಲಿಂದು ಏನಮ್ಮಾ?"

"ಅದೇ ಸಾ, ಗುರಿ ಇಡೋ ಚುಕ್ಕಿ."

"ಮತ್ತೆ ನಡುವೆ ಇರೋದು?"

"ಅದು ಕೊಳೆ ಸಾ. ಅದೊಂದನ್ನೇ ದಿನಾ ಒರೆಸ್ತೀನಿ, ಓಗ್ತಾನೇ ಇಲ್ಲ."

ಅಪ್ಪ ನಾಲಿಗೆ ಕಚ್ಚಿಕೊಂಡರು. "ಅಯ್ಯಯ್ಯೋ! ಬಿಲ್ಲು ಬಂದ್ ದಿನ ನಮ್ಮನೇರು ಪೂಜೆ ಮಾಡಿ ಕುಂಕುಮ ಇಟ್ಟಿದ್ರು ಸಾ. ಗಾಜಿಗೂ ಒಂದ್ ಬೊಟ್ಟು ಇಟ್ಬುಟ್ಟವ್ರೆ!"

ನನಗೆ ಹೋದ ಜೀವ ಬಂದಂತಾಯಿತು. ಬಿಲ್ಲು ಸರಿ, ಹುಡುಗಿ ಸರಿ, ನನ್ನ ಮಾತೂ ಸರಿ! ಕರವಸ್ತ್ರ ತೆಗೆದು ಗಾಜು ಒರೆಸಲು ಹೋದೆ. ಅಪ್ಪ ಕೈ ಹಿಡಿದುಕೊಂಡರು. "ಕುಂಕುಮ ಒರೆಸ್ಬ್ಯಾಡಿ ಸಾ. ಆಯ್ಕೆ ಟೈಮು. ಗೊತ್ತಾದ್ರೆ ನಮ್ಮನೇರು ನನ್ನ ಮನೆಗೇ ಸೇರ್ಸಲ್ಲ."

ಅವರ ಮನೆಯವರ ಹತ್ತಿರ ವಾದ ಮಾಡುವಷ್ಟು ಧೈರ್ಯ ನನಗೂ ಇರಲಿಲ್ಲ. ತಿರುಪು ಸಡಿಲಿಸಿ ಗಾಜನ್ನೇ ಕೆಳಗಿಳಿಸಿ, ಕುಂಕುಮವನ್ನೇ ಗುರಿಯ ನೇರಕ್ಕೆ ತಂದೆ. ಬಾಣ ಹೋಗಿ ಹಲಗೆಯ ನಟ್ಟನಡುವಿನ ಹಳದಿಗೆ ಕೂತಿತು. ಆಯ್ಕೆಯ ದಿನವೂ ಹಾಗೆಯೇ ಕೂತಿತು. ಹುಡುಗಿ ಆಯ್ಕೆಯಾದಳು. ನಾನು ಅಲ್ಲೇ ಕಣ್ಣೊರೆಸಿಕೊಂಡೆ.

ಹೊರಗಿನಿಂದ ಬಂದಿದ್ದ ತೀರ್ಪುಗಾರರು ಬಿಲ್ಲನ್ನು ಎತ್ತಿ, ಗಾಜಿನಲ್ಲಿ ಇಣುಕಿ ಬೆರಗಾದರು. "ಎಷ್ಟು ಸ್ಪಷ್ಟವಾಗಿದೆ ಈ ಚುಕ್ಕಿ! ಇಂಪೋರ್ಟೆಡ್ ಇರಬೇಕು. ಎಲ್ಲಿ ಸಿಗುತ್ತೆ ಇದು?"

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಹೇಳಿಬಿಟ್ಟರು: "ನಮ್ಮೂರ್ ಸಂತೇಲಿ ಸಾ. ಜೊತೆಗೆ ಅರಿಶ್ನಾನೂ ತಗಂಡ್ರೆ ಒಸಿ ಚೌಕಾಸಿ ಮಾಡ್ಬೌದು."