ಮಂಡಿಯೂರಿದವರೆಲ್ಲ ಗೈರು

ನಕಿಬೂಕ ಮಂಡಿಯೂರಿದ್ದೇ ತಪ್ಪಾಯಿತು.

ಮಿತ್ಯಾನ ಊರಿನ ಮನೆಯಿಂದಲೇ ಕೆಲಸ ಮಾಡುವ ಆ ಹುಡುಗಿ ದಿನಾ ಬೆಳಿಗ್ಗೆ ಮಾಡುವುದನ್ನೇ ಗುರುವಾರವೂ ಮಾಡಿದ್ದಳು. ಫೋನಿನ ಪರದೆಯ ಮೇಲೆ ತಂಡದ ಮುಖ್ಯಸ್ಥ ಮುತ್ಯಾಬ ಕಾಣಿಸಿದ ಕೂಡಲೇ, ಹಿರಿಯರ ಎದುರು ಮನೆತನದ ಹೆಣ್ಣುಮಗಳು ಮಾಡಬೇಕಾದಂತೆ ಕುರ್ಚಿಯಿಂದಿಳಿದು ಮಂಡಿಯೂರಿ, "ಹೇಗೆ ಮಲಗಿ ಎದ್ರಿ, ಸಲೊಂಗೊ?" ಎಂದಿದ್ದಳು. ಅವಳಿ ಮಕ್ಕಳು ಹುಟ್ಟಿದ ದಿನದಿಂದ ಮುತ್ಯಾಬ ಊರಿಗೆಲ್ಲ ಸಲೊಂಗೊನೇ. ಅವಳಿಗಳ ಅಪ್ಪ ಎಂಬ ಈ ಬಿರುದಿನ ಮುಂದೆ ಸ್ವಂತ ಹೆಸರು ಮೂಲೆಗೆ ಬಿದ್ದಿತ್ತು.

ಆದರೆ ಕಂಪಾಲಾದ ಮುಖ್ಯ ಕಚೇರಿ ಹಿಂದಿನ ಸಂಜೆಯಷ್ಟೇ ಹಾಜರಿ ಹಿಡಿಯುವ ಒಂದು ಹೊಸ ಆ್ಯಪ್-ಯಂತ್ರವನ್ನು ಎಲ್ಲರ ಫೋನಿಗೆ ಹಾಕಿಸಿತ್ತು. ಮೀಟಿಂಗ್ ನಡೆಯುವಾಗ ಅದು ಮುಖಗಳನ್ನು ಎಣಿಸುತ್ತದೆ. ಹತ್ತು ಸೆಕೆಂಡು ಮುಖ ಕಾಣದಿದ್ದರೆ ಆ ಮನುಷ್ಯನ ದನಿ ಬಂದ್ ಮಾಡಿ, ಕೆಂಪು ಅಕ್ಷರದಲ್ಲಿ 'ಗೈರು' ಎಂದು ಬರೆದುಬಿಡುತ್ತದೆ. ಕುಶಲ ವಿಚಾರಿಸುವುದು ಮುಗಿಯಲು ನಾಲ್ಕು ನಿಮಿಷವಾದರೂ ಬೇಕು. ಮೇಜಿನ ಕೆಳಗೆ ಮಂಡಿಯೂರಿದ್ದ ನಕಿಬೂಕ ಆ ನಾಲ್ಕೂ ನಿಮಿಷ ಗೈರಾದಳು.

ಶುಕ್ರವಾರ ಬೆಳಿಗ್ಗೆ ಮುಖ್ಯ ಕಚೇರಿಯ ಮೇಲಧಿಕಾರಿ ನಲ್ವೋಗ ಮೇಡಂ ಅವರ ಪತ್ರ ಬಂತು. 'ದೂರದ ತಂಡಗಳೊಡನೆ ಮಾತು ಚುಟುಕಾಗಿರಬೇಕು. ಕುಶಲೋಪರಿಗೆ ಹತ್ತು ಸೆಕೆಂಡು. ಇಂದು ಮೂರು ಗಂಟೆಗೆ ನಿಮ್ಮ ಮೀಟಿಂಗಿಗೆ ನಾನೇ ಬರುತ್ತೇನೆ. ಒಂದು ಗೈರು ಕಂಡರೂ ನೀವು ಆರೂ ಜನ ಸೋಮವಾರದಿಂದ ಕಂಪಾಲಾ ಕಚೇರಿಗೆ ಬಂದು ಕೂರತಕ್ಕದ್ದು.'

ಮುತ್ಯಾಬ ಪತ್ರವನ್ನು ಎರಡೆರಡು ಸಲ ಓದಿದ. ಎಂಟು ವರ್ಷ ಕಂಪಾಲಾದ ಬಾಡಿಗೆ ಕೋಣೆಯಲ್ಲಿ ಕೊಳೆತು, ಮಕ್ಕಳನ್ನು ಭಾನುವಾರ ಮಾತ್ರ ನೋಡಿದವನು ಅವನು. ಮಸಾಕ ಊರಿನ ಬಾಡಿಗೆ ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆಗೇ ಕೂತು ಸೌರದೀಪ ಕೊಂಡವರ ದೂರು ಕೇಳುವ ಈ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತು. ಅವಳಿ ಹುಡುಗಿಯರು ಈಗಷ್ಟೇ ಅವನನ್ನು ನೆಂಟರಂತೆ ನೋಡುವುದನ್ನು ಬಿಟ್ಟಿದ್ದರು.

"ಆ ಹುಡುಗೀಗೆ ಮಂಡಿಯೂರಬೇಡ ಅಂತ ಒಂದು ಮಾತು ಹೇಳಿದ್ರೆ ಮುಗೀತಲ್ಲ" ಎಂದಳು ಹೆಂಡತಿ ನಸ್ಸುನ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ಹೇಳಲ್ಲ! ಅವಳ ತಾಯಿ ಕಲಿಸಿದ ಮರ್ಯಾದೆಯನ್ನ ಬಿಡಿಸೋಕೆ ನಾನ್ಯಾರು? ಹತ್ತು ಸೆಕೆಂಡಲ್ಲಿ ಕುಶಲ ಕೇಳೋಕೆ ನಾನೇನು ಬಸ್ ಕಂಡಕ್ಟರಾ? ಯಂತ್ರ ಬೇಕಾದ್ರೆ ಬಗ್ಗಲಿ, ನಾವು ಬಗ್ಗಲ್ಲ."

"ಬಗ್ಗೋದೇ ಅಲ್ವಾ ನಿಮ್ಮ ತಕರಾರು" ಎಂದು ನಸ್ಸುನ ದಾರ ಕಡಿದಳು.

ಯೋಚಿಸಿ ಯೋಚಿಸಿ ಮುತ್ಯಾಬ ಒಂದು ಉಪಾಯ ಹುಡುಕಿದ. ಫೋನೇ ಕೆಳಗಿದ್ದರೆ ಮಂಡಿಯೂರಿದವರ ಮುಖವೂ ಕಾಣುತ್ತದಲ್ಲ! 'ಎಲ್ಲರೂ ಫೋನನ್ನು ಕೆಳಗಿಡಿ. ಹನ್ನೆರಡು ಗಂಟೆಗೆ ಒಂದು ಸಲ ನೋಡೋಣ' ಎಂದು ಐದು ಊರಿಗೆ ಬರೆದ.

ಹನ್ನೆರಡಕ್ಕೆ ನೋಡಿದರೆ ಐದು ಊರಿನಲ್ಲಿ ಐದು ಬಗೆ. ನಕಿಬೂಕಳ ಮುಖವೇನೋ ಚೆನ್ನಾಗಿ ಕಂಡಿತು. ಉಳಿದವರದು ಒಂದು ಕಡೆ ಬರೀ ತಗಡಿನ ಮಾಡು, ಇನ್ನೊಂದು ಕಡೆ ಎರಡು ಮೂಗಿನ ಹೊಳ್ಳೆ. ಕಸೇಸೆ ಊರಿನವನು ಕುರ್ಚಿಯಲ್ಲಿ ಕೂತೇ ಇದ್ದ, ಅವನ ಮೊಣಕಾಲಷ್ಟೇ ಕಾಣುತ್ತಿತ್ತು. ಅಷ್ಟರಲ್ಲಿ ಅವನ ಮನೆಯ ಕೋಳಿಯೊಂದು ಬಂದು ಫೋನಿನೊಳಗೆ ಇಣುಕಿತು. ಯಂತ್ರ ಅದನ್ನು 'ಹಾಜರು' ಎಂದು ಬರೆದುಕೊಂಡಿತು.

"ಎಲ್ರೂ ನೆಲದ ಮೇಲೆ ಕೂತ್ಕೊಳ್ರಪ್ಪಾ!" ಎಂದು ಮುತ್ಯಾಬ ಕೂಗಿದ.

ಆ ಕೂಗಿಗೆ ಪಕ್ಕದಲ್ಲೇ ಇದ್ದ ಮನೆಯೊಡತಿ ನಮತೋವು ಅಜ್ಜಿ ಓಡಿ ಬಂದಳು. ಕೇರಿಯಲ್ಲಿ ಅವಳಿಗೆ ತಿಳಿಯದೆ ಹಾಲು ಉಕ್ಕುವುದೂ ಕಷ್ಟ. ನೆಲದಲ್ಲಿ ಕುಳಿತಿದ್ದ ಮುತ್ಯಾಬನನ್ನು ನೋಡಿ ಗಲ್ಲಕ್ಕೆ ಕೈಯಿಟ್ಟಳು.

"ಏನೋ ಸಲೊಂಗೊ ಇದು? ಕುರ್ಚೀನೂ ಮಾರ್ಕೊಂಡ್ಯಾ?"

ವಿಷಯ ತಿಳಿದದ್ದೇ ತಡ, ಎದುರಿನ ಬಡಗಿ ಕವೋಯನನ್ನು ಕರೆತಂದಳು. ಅವನು ಮುತ್ಯಾಬನ ಗಲ್ಲದಿಂದ ನೆಲಕ್ಕೆ ಅಳತೆ ಹಿಡಿದು, "ಫೋನ್ ಇಡೋಕೆ ಒಂದು ಮಣೆ ಬೇಕು. ಮಾಡೋಣ" ಎಂದು ಹೋದ. ಎರಡು ಗಂಟೆಗೆ ತಂದ. ಅದರ ಒಂದು ಕಾಲು ಗಿಡ್ಡ. "ಅಳತೆ ಸರಿಯಾಗೇ ಇದೆ, ನಿಮ್ಮ ನೆಲ ಸರಿಯಿಲ್ಲ" ಎಂದು ಅಜ್ಜಿಯ ಜೊತೆ ಜಗಳಕ್ಕೆ ನಿಂತ.

ಎರಡೂವರೆಗೆ ಕರೆಂಟು ಹೋಯಿತು, ಜೊತೆಗೆ ಇಂಟರ್ನೆಟ್ಟೂ. ಇಡೀ ಕೇರಿಯಲ್ಲಿ ಕವೋಯನ ಅಂಗಡಿಯ ಮೇಲೆ ಮಾತ್ರ ಸೌರ ಹಲಗೆಯಿತ್ತು. ಮುತ್ಯಾಬ ಫೋನು, ಮಣೆ, ಇಂಟರ್ನೆಟ್ ಪೆಟ್ಟಿಗೆ, ತಂತಿಗಳನ್ನೆಲ್ಲ ತಬ್ಬಿಕೊಂಡು ರಸ್ತೆ ದಾಟಿದ. ಹಿಂದೆ ಅಜ್ಜಿ, ಅವಳ ಹಿಂದೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ನಸ್ಸುನ. ಮೂರು ಹೊಡೆಯುವಾಗ ಅವನು ಮರದ ಹೊಟ್ಟಿನ ನಡುವೆ ಚಕ್ಕಂಬಕ್ಕಳ ಹಾಕಿ ಕೂತಿದ್ದ.

ಪರದೆಯಲ್ಲಿ ನಲ್ವೋಗ ಮೇಡಂ ಬಂದರು. ದೊಡ್ಡ ಮೇಜು, ದೊಡ್ಡ ಕುರ್ಚಿ, ಬಿಗಿದ ಮುಖ. "ಶುರು ಮಾಡಿ."

"ಮೊದಲು ಕುಶಲ, ಮೇಡಂ" ಎಂದ ಮುತ್ಯಾಬ.

"ಹತ್ತು ಸೆಕೆಂಡು."

"ಆಗಲ್ಲ. ಎಷ್ಟು ಬೇಕೋ ಅಷ್ಟು."

ಗುಂಡುಸೂಜಿ ನುಂಗಿಬಿಡುತ್ತಾಳೇನೋ ಎಂಬಂತೆ ನಸ್ಸುನ ಬಾಯಿ ಮುಚ್ಚಿಕೊಂಡಳು. ಮುತ್ಯಾಬ ಪಟ್ಟು ಬಿಡದೆ ಒಬ್ಬೊಬ್ಬರನ್ನೇ ವಿಚಾರಿಸಿದ. ನಕಿಬೂಕ ಮಂಡಿಯೂರಿದಳು, ಮುಖ ಪೂರ್ತಿ ಕಂಡಿತು. "ಅಲ್ಲಿಯ ಸುದ್ದಿ ಏನು?" "ಏನಿಲ್ಲ, ಎಲ್ಲ ಚೆನ್ನಾಗಿದೆ." "ಹೂಂ." "ಹೂಂ." "ಅಮ್ಮ?" "ಇವತ್ತು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು." ಅವಳ ಸಂಜೆಯ ಕರೆಗಳನ್ನು ಅವನು ಅಲ್ಲೇ ಇನ್ನೊಬ್ಬನಿಗೆ ವಹಿಸಿದ. ಕಸೇಸೆಯವನು ಮೂರು ದಿನದಿಂದ ಮೋಡ ಕವಿದಿದೆ ಎಂದ. "ಹಾಗಾದ್ರೆ ಅಲ್ಲಿ ದೀಪ ಉರಿಯಲ್ಲ, ನಾಳೆ ದೂರು ಎರಡರಷ್ಟು ಬರುತ್ತೆ. ಇಬ್ಬರು ಅಲ್ಲಿಯ ಕರೆಗಳಿಗೆ ತಿರುಗಿ."

ಮೇಡಂ ಹುಬ್ಬೇರಿಸಿದರು. "ಇದೆಲ್ಲ ನಿಮ್ಮ ವರದಿಯಲ್ಲಿ ಇರಲಿಲ್ಲ."

"ವರದಿ ಕೇಳಿದ್ರೆ ಜನ ವರದಿ ಕೊಡ್ತಾರೆ, ಮೇಡಂ. ಕುಶಲ ಕೇಳಿದ್ರೆ ವಿಷಯ ಹೇಳ್ತಾರೆ."

ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದ ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ಮುತ್ಯಾಬನ ಹೆಗಲ ಮೇಲಿಂದ ಬಗ್ಗಿ ಫೋನಿಗೆ ಮುಖ ಕೊಟ್ಟಳು. "ಯಾರ ಮನೆ ಮಗಳಮ್ಮ ನೀನು? ಹಗಲು ಹೇಗೆ ಕಳೆದೆ?"

ಎಪ್ಪತ್ತು ದಾಟಿದ ಮುಖ ಕಂಡದ್ದೇ ನಲ್ವೋಗ ಮೇಡಂ ಕುರ್ಚಿ ಬಿಟ್ಟು ಮಂಡಿಯೂರಿದರು. ದೊಡ್ಡ ಮೇಜಿನ ಹಿಂದೆ ಅವರು ಪೂರ್ತಿ ಮುಳುಗಿಹೋದರು. ಪರದೆಯ ಮೇಲೆ ಖಾಲಿ ಕುರ್ಚಿ ಉಳಿಯಿತು. ಹತ್ತು ಸೆಕೆಂಡಾಯಿತು. ಕೆಂಪು ಅಕ್ಷರ ಮೂಡಿತು: 'ನಲ್ವೋಗ — ಗೈರು.'

ಅಜ್ಜಿ ಮನೆ, ಮಕ್ಕಳು, ಬಾಳೆತೋಟ ಎಲ್ಲವನ್ನೂ ವಿಚಾರಿಸಿದಳು. ಒಂದಕ್ಕೂ ಉತ್ತರವಿಲ್ಲ. "ಎಂಥ ಸೊಕ್ಕಿನ ಹೆಣ್ಣಪ್ಪಾ!" ಎಂದು ಮುನಿಸಿಕೊಂಡಳು.

ಮಂಡಿ ಒರೆಸಿಕೊಳ್ಳುತ್ತಾ ಮೇಡಂ ಮೇಲೆದ್ದರು. "ಅಯ್ಯೋ ಅಜ್ಜಿ, ಎಲ್ಲದಕ್ಕೂ ಉತ್ತರ ಕೊಟ್ಟೆನಲ್ಲ! ಕೇಳಿಸ್ಲಿಲ್ವಾ?"

"ನಿಮ್ಮ ಯಂತ್ರ ನಿಮ್ಮ ಬಾಯೇ ಮುಚ್ಚಿಸ್ತು, ಮೇಡಂ. ಗುರುವಾರ ನಕಿಬೂಕಂಗೂ ಆಗಿದ್ದು ಇದೇ" ಎಂದ ಮುತ್ಯಾಬ.

"ಒಂದು ಗೈರಾದ್ರೆ ಕಂಪಾಲಾಕ್ಕೆ ಬರ್ಬೇಕು ಅಂದಿದ್ರಲ್ಲ. ಇವರು ಅಲ್ಲೇ ಇದ್ದಾರಲ್ಲಪ್ಪ, ಇವರನ್ನ ಎಲ್ಲಿಗೆ ಕಳಿಸೋದು?" ಎಂದು ಕವೋಯ ಹಿಂದಿನಿಂದ ಕೇಳಿದ.

ಮೇಡಂ ಕೆಂಪು ಅಕ್ಷರವನ್ನು ನೋಡಿದರು. ಬಿಗಿದ ಮುಖ ಸಡಿಲಾಯಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೋಮವಾರದಿಂದ ಈ ಯಂತ್ರ ಬೇಡ. ನಿಮ್ಮ ಐದೂ ಜನ ಎಲ್ಲಿದ್ದಾರೋ ಅಲ್ಲೇ ಇರಲಿ."

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಅಜ್ಜಿ ಬಾಯಿಗೆ ಕೈ ಬಡಿಯುತ್ತಾ ಖುಷಿಯಿಂದ ಕೇಕೆ ಹಾಕಿದಳು. ಮುತ್ಯಾಬ ಆರು ಜನರನ್ನು ಎಣಿಸಲು ಹೊರಟು ಐದಕ್ಕೇ ನಿಂತ.

"ನೀವು ಮಾತ್ರ ಇಲ್ಲಿಗೆ ಬನ್ನಿ, ಸಲೊಂಗೊ. ದೂರದವರ ಹತ್ತಿರ ಹೇಗೆ ಮಾತಾಡ್ಬೇಕು ಅಂತ ನಮ್ಮ ಹನ್ನೊಂದು ತಂಡಕ್ಕೂ ಕಲಿಸ್ಬೇಕು. ಸೋಮವಾರದಿಂದ, ದಿನಾ ಬೆಳಿಗ್ಗೆ ಎಂಟಕ್ಕೆ, ಕಂಪಾಲಾ ಕಚೇರೀಲಿ."

"ಫೋನಲ್ಲೇ ಕಲಿಸ್ತೀನಿ, ಮೇಡಂ!"

"ಛೆ, ಇಂಥದ್ದನ್ನ ದೂರದಿಂದ ಕಲಿಸೋಕಾಗುತ್ತಾ?"

ಮುತ್ಯಾಬನ ಪಿತ್ತ ನೆತ್ತಿಗೇರಿತು. ದಢಕ್ಕನೆ ಎದ್ದು, ಮಾತು ಹುಡುಕುತ್ತಾ ಮಣೆಯ ಸುತ್ತ ಎರಡು ಸುತ್ತು ಹಾಕಿ ನಿಂತ. ಬರುವುದಿಲ್ಲವೆಂದ, ಎಂಟು ವರ್ಷ ಸಾಕೆಂದ, ತನ್ನ ಮಕ್ಕಳು ತನ್ನನ್ನು ಅಪ್ಪಾ ಎಂದು ಕರೆಯುವುದಕ್ಕೆ ಯಾವ ಬಡ್ತಿಯೂ ಸಮವಲ್ಲವೆಂದ. ಹುಟ್ಟಿದಂದಿನಿಂದ ಅವನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ನಸ್ಸುನಳ ಕಣ್ಣು ಒದ್ದೆಯಾಯಿತು.

ಕೆಳಗೆ ಮಣೆಯ ಮೇಲಿದ್ದ ಫೋನಿಗೆ ಅವನ ಪ್ಯಾಂಟಿನ ಮೊಣಕಾಲಷ್ಟೇ ಕಾಣುತ್ತಿತ್ತು. 'ಮುತ್ಯಾಬ — ಗೈರು.'

"ಪಾಪ, ಸಂತೋಷಕ್ಕೆ ಎದ್ದು ಕುಣೀತಿದ್ದಾರೆ, ಮಾತೇ ಹೊರಡ್ತಿಲ್ಲ" ಎಂದರು ಮೇಡಂ. "ಆರ್ಡರ್ ಈಗಲೇ ಹೊರಡಿಸ್ತೀನಿ. ಸೋಮವಾರ ಸಿಗೋಣ." ಪರದೆ ಕಪ್ಪಾಯಿತು.

ನಮತೋವು ಅಜ್ಜಿ ಮಣೆಯನ್ನೊಮ್ಮೆ, ಮುತ್ಯಾಬನನ್ನೊಮ್ಮೆ ನೋಡಿದಳು.

"ಮಂಡಿಯೂರಿ ಹೇಳಿದ್ರೆ ಕೇಳಿಸ್ತಿತ್ತು ಕಣೋ."