ಭಾವನ ಒಂಬತ್ತನೇ ನಂಬರಿನ ಹೆದ್ದಾರಿ

ನಾಗರಿಕತೆಗಳು ಬೆಳೆದದ್ದು ರಸ್ತೆಗಳಿಂದ ಎಂದು ಬಲ್ಲವರು ಹೇಳುತ್ತಾರೆ. ಈ ಬಲ್ಲವರು ನಮ್ಮ ಭಾವನ ಪಕ್ಕದಲ್ಲಿ ಊಟಕ್ಕೆ ಕೂತವರಲ್ಲ. ಕೂತಿದ್ದರೆ, ನಾಗರಿಕತೆ ಹಾಳಾಗಿ ಹೋಗಲಿ, ಸಾರು ಆರುವ ಮೊದಲು ಈ ರಸ್ತೆಯೊಂದು ಮುಗಿದರೆ ಸಾಕು ಎನ್ನುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬರ್ಲಿನ್‌ನಿಂದ ಮ್ಯೂನಿಕ್‌ವರೆಗಿನ ಜರ್ಮನಿಯ ಒಂಬತ್ತನೇ ನಂಬರಿನ ಹೆದ್ದಾರಿಯಲ್ಲಿ ಅವರಷ್ಟು ಸಲ ಪ್ರಯಾಣ ಮಾಡಿದವರು ಇಡೀ ಒಮಾನಿನಲ್ಲಿ ಇನ್ನೊಬ್ಬರಿರಲಿಲ್ಲ. ಒಂದು ಅಪಘಾತವಿಲ್ಲ, ಒಂದು ದಂಡವಿಲ್ಲ, ಒಂದು ಟಯರು ಪಂಕ್ಚರಾದದ್ದಿಲ್ಲ! ಅವರು ಜರ್ಮನಿಗೆ ಕಾಲಿಟ್ಟವರಲ್ಲ ಎಂಬುದು ಇದಕ್ಕೆ ಒಂದು ಕಾರಣ. ಅವರಿಗೆ ಕಾರು ಓಡಿಸುವ ಲೈಸೆನ್ಸೇ ಇರಲಿಲ್ಲ ಎಂಬುದು ಇನ್ನೊಂದು.

ಎಂಬತ್ತರ ದಶಕದಲ್ಲಿ ಭಾವ ಮಂಗಳೂರು ಬಿಟ್ಟು ಬಂದು, ಮಸ್ಕತ್ತಿನ ಖುರುಮ್‌ನಲ್ಲಿ ರಸ್ತೆ ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ಸೇರಿದರು. ಅಲ್ಲಿನ ಜರ್ಮನ್ ಇಂಜಿನಿಯರು ಊರಿನ ನೆನಪಿಗೆಂದು ಗೋಡೆಗೆ ಈ ಹೆದ್ದಾರಿಯ ನಕ್ಷೆ ತೂಗುಹಾಕಿದ್ದರು. ಗಲ್ಫಿಗೆ ಬಂದವರಿಗೆ ಸಾಮಾನ್ಯವಾಗಿ ಹಿಡಿಯುವುದು ಚಿನ್ನದ ಹುಚ್ಚು, ಇಲ್ಲವೇ ಟೇಪ್‌ರೆಕಾರ್ಡರಿನ ಹುಚ್ಚು. ಭಾವನಿಗೆ ಆ ನಕ್ಷೆ ಹಿಡಿಯಿತು. ಔಷಧವಿರುವ ಕಾಯಿಲೆಯಲ್ಲ ಅದು.

ಆಗ ಜರ್ಮನಿ ಎರಡಾಗಿತ್ತು, ರಸ್ತೆಯೂ ಎರಡಾಗಿತ್ತು. ಇದನ್ನು ಭಾವ ನಮಗೆ ಅಲ್ ಅಮೇರಾತಿನ ತಮ್ಮ ಮನೆಯಲ್ಲಿ, ಶುಕ್ರವಾರದ ಊಟದ ಹೊತ್ತಿಗೆ, ಕೋರಿ ರೊಟ್ಟಿಯ ಮೂಲಕ ವಿವರಿಸುತ್ತಿದ್ದರು. ಗರಿಗರಿ ರೊಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರೆ ಅದು ಮೂವತ್ತರ ದಶಕದಲ್ಲಿ ಹಾಕಿದ ಕಾಂಕ್ರೀಟು ಹಾಸು. ಪೂರ್ವದ ಕಡೆ ಅದನ್ನು ರಿಪೇರಿ ಮಾಡಿದವರಿಲ್ಲವಾದ್ದರಿಂದ ಒಂದೆರಡು ರೊಟ್ಟಿಗಳನ್ನು ಮುರಿಯಬೇಕಾಗುತ್ತಿತ್ತು. ನಡುವೆ ಕೋಳಿಸಾರು ಹರಿಸಿದರೆ ಝಾಲೆ ನದಿ. ಯುದ್ಧದ ಕೊನೆಗೆ ಅದರ ಸೇತುವೆಯನ್ನು ಸ್ಫೋಟಿಸಿದ್ದರು. ಎಷ್ಟೋ ವರ್ಷದ ಮೇಲೆ ಮತ್ತೆ ಕಟ್ಟಿದರು. ಸೇತುವೆಗೆ ಭಾವ ನನ್ನ ತಟ್ಟೆಯ ಕೋಳಿ ಕಾಲನ್ನು ತೆಗೆದುಕೊಳ್ಳುತ್ತಿದ್ದರು. ಸ್ಫೋಟದ ಭಾಗವನ್ನು ಅವರೇ ತಿಂದು ತೋರಿಸುತ್ತಿದ್ದರು. ಮತ್ತೆ ಕಟ್ಟುವ ಭಾಗ ಬರುವ ಹೊತ್ತಿಗೆ ಪಾತ್ರೆ ಖಾಲಿ.

"ಬರ್ಲಿನ್‌ನಿಂದ ಮ್ಯೂನಿಕ್‌ಗೆ ಹೋಗ್ಲಿಕ್ಕೆ ಇವರಿಗೆ ದಾರಿ ಗೊತ್ತುಂಟು," ಎನ್ನುತ್ತಿದ್ದಳು ಅಕ್ಕ. "ಇಲ್ಲಿಂದ ಮತ್ರಾದ ಮೀನು ಮಾರ್ಕೆಟಿಗೆ ಹೋಗಿ ಎರಡು ಬಂಗುಡೆ ತರ್ಲಿಕ್ಕೆ ಗೊತ್ತಿಲ್ಲ."

ಜರ್ಮನಿ ಒಂದಾದಾಗ ಲೋಕವೆಲ್ಲ ಸಂಭ್ರಮಪಟ್ಟಿತು. ಜನ ಒಂದಾದರೆಂದು ಲೋಕಕ್ಕೆ ಸಂತೋಷ. ರಸ್ತೆ ಒಂದಾಯಿತೆಂದು ಭಾವನಿಗೆ. ಅವರು ಎರಡು ಕಿಲೋ ಲಾಡು ತಂದು ಬೀದಿಗೆಲ್ಲ ಹಂಚಿದರು. ಕೆಳಗಡೆ ಕಿರಾಣಿ ಅಂಗಡಿ ಇಟ್ಟಿದ್ದ ಬಂಟ್ವಾಳ ಕಡೆಯ ಹಮೀದಾಕ ಲಾಡು ಬಾಯಿಗೆ ಹಾಕಿಕೊಂಡು, ಮಗು ಗಂಡೋ ಹೆಣ್ಣೋ ಎಂದು ವಿಚಾರಿಸಿದರು. ಹೆದ್ದಾರಿ ಎಂದು ಗೊತ್ತಾದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲ ಮಾರ್ರೆ, ನಮ್ಮ ಅಂಗಡಿ ಎದುರಿನ ಹೊಂಡಕ್ಕೆ ಯಾವಾಗ ಲಾಡು?" ಎಂದರು.

ಈ ಹಮೀದಾಕನ ಪಿಕಪ್ ನಮ್ಮ ಕತೆಗೆ ಮುಖ್ಯ. ಬಿ.ಎಡ್. ಮಾಡಿಕೊಂಡು ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದ ಅಕ್ಕನಿಗೆ ಕೊನೆಗೂ ಖುರುಮ್ ಕಡೆಯ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಶಾಲೆ ಶುರುವಾಗುವುದು ಬೆಳ್ಳಂಬೆಳಿಗ್ಗೆ. ಆ ಹೊತ್ತಿಗೆ ಅಮೇರಾತಿನಲ್ಲಿ ಬಾಡಿಗೆ ಕಾರು ಸಿಕ್ಕರೆ ಸಿಕ್ಕಿತು. ಭಾವನ ಆಫೀಸಿನ ವ್ಯಾನು ಬರುವುದು ಅದಕ್ಕಿಂತ ಎಷ್ಟೋ ತಡವಾಗಿ. ಅಕ್ಕನೇ ಕಾರು ಕಲಿಯೋಣವೆಂದರೆ ಆಕೆಗೆ ಚಿಕ್ಕಂದಿನಿಂದ ಒಂದು ಕಣ್ಣು ಮಂದ. ಲೈಸೆನ್ಸಿನವರು ಕಣ್ಣಿನ ಪರೀಕ್ಷೆಯಲ್ಲೇ ವಾಪಸು ಕಳಿಸಿದ್ದರು. ಹಾಗಾಗಿ ಆಕೆ ಹಮೀದಾಕನ ಪಿಕಪ್ಪಿನಲ್ಲಿ, ತೊಡೆಯ ಮೇಲೆ ಒಂದು ಟ್ರೇ ಮೊಟ್ಟೆ ಇಟ್ಟುಕೊಂಡು, ವಿದ್ಯಾದಾನಕ್ಕೆ ಹೋಗುತ್ತಿದ್ದಳು.

ಭಾವ ಲೈಸೆನ್ಸಿಗೆ ಪ್ರಯತ್ನಪಡಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಮಸ್ಕತ್ತಿನ ಲೈಸೆನ್ಸೆಂದರೆ ಸಾಮಾನ್ಯದ್ದೇ? ಮೊದಲು ಡ್ರಮ್ ಟೆಸ್ಟ್, ಅಂದರೆ ಸಾಲಾಗಿ ನಿಲ್ಲಿಸಿದ ಪೀಪಾಯಿಗಳ ನಡುವೆ ಕಾರನ್ನು ಹಿಮ್ಮುಖವಾಗಿ ತೂರಿಸಬೇಕು. ಭಾವ ತೂರಿಸಿದರು. ಏರಿನಲ್ಲಿ ನಿಲ್ಲಿಸಿದ ಕಾರನ್ನು ಹಿಂದೆ ಜಾರದಂತೆ ಮುಂದೆ ಹತ್ತಿಸಬೇಕು. ಹತ್ತಿಸಿದರು. ಕೊನೆಯದು ರಸ್ತೆಯ ಪರೀಕ್ಷೆ. ಪೊಲೀಸ್ ಅಧಿಕಾರಿ ಪಕ್ಕದಲ್ಲಿ ಕೂರುತ್ತಾರೆ. ಅಲ್ಲಿ ಅವರಿಗೆ ರೌಂಡಬೌಟ್ ಎದುರಾಯಿತು.

ಒಂಬತ್ತನೇ ನಂಬರಿನ ಹೆದ್ದಾರಿಯಲ್ಲಿ ರೌಂಡಬೌಟ್ ಇಲ್ಲ. ಭಾವ ಅದರ ಅಂಚಿಗೆ ಬಂದು, ಕಾರು ನಿಲ್ಲಿಸಿ, ಸುತ್ತುತ್ತಿರುವ ವಾಹನಗಳೆಲ್ಲ ತಮ್ಮ ತಮ್ಮ ಮನೆ ಸೇರಲೆಂದು ಕಾದರು. ಹಿಂದೆ ಹಾರ್ನುಗಳ ಮೇಳ ಶುರುವಾಯಿತು. ಅಧಿಕಾರಿ ಸೌಮ್ಯವಾಗಿ "ಯಲ್ಲಾ", ಅಂದರೆ ಹೊರಡಿ, ಎಂದರು. ಭಾವ ಅವರ ಕಡೆ ತಿರುಗಿ, ನಿಜವಾದ ರಸ್ತೆಯೊಂದರಲ್ಲಿ ವಾಹನಗಳು ಹೀಗೆ ಅಡ್ಡ ನುಗ್ಗಬೇಕಾಗಿಲ್ಲವೆಂದೂ, ಓರೆ ದಾರಿಯಿಂದ ಮೆಲ್ಲಗೆ ಬಂದು ಸೇರಿಕೊಳ್ಳುತ್ತವೆಂದೂ, ಉದಾಹರಣೆಗೆ ಲೈಪ್‌ಜಿಗ್‌ನ ಬಳಿ ಎಂದೂ ಆರಂಭಿಸಿದರು. ಅಧಿಕಾರಿ ಲೈಪ್‌ಜಿಗ್‌ನವರೆಗೂ ತಾಳ್ಮೆಯಿಂದ ಬಂದರು, ನ್ಯೂರೆಂಬರ್ಗಿಗೆ ಬರಲಿಲ್ಲ. "ಖಲಾಸ್" ಎಂದು ಇಳಿಸಿದರು. ಮುಂದಿನ ಸಲ ಬೇರೆ ಅಧಿಕಾರಿ, ಅದೇ ರೌಂಡಬೌಟ್, ಅದೇ ಲೈಪ್‌ಜಿಗ್. ಹೀಗೇ ನಡೆಯಿತು.

ತಪ್ಪು ತಮ್ಮದಲ್ಲ, ರಸ್ತೆಯ ವಿನ್ಯಾಸದ್ದು, ತಲೆ ಇದ್ದವನು ಯಾರೂ ಅಲ್ಲಿ ರೌಂಡಬೌಟ್ ಹಾಕುತ್ತಿರಲಿಲ್ಲ ಎಂದು ಭಾವ ಮನೆಯಲ್ಲಿ ತೀರ್ಪು ಕೊಟ್ಟರು.

"ಅದರ ಡ್ರಾಯಿಂಗ್ ಮಾಡಿದ್ದು ನೀವೇ ಅಲ್ವಾ?" ಎಂದಳು ಅಕ್ಕ.

ಭಾವ ನೀರು ಕುಡಿದರು.

ಅಷ್ಟರಲ್ಲಿ ಎರಡು ಸಂಗತಿಗಳು ಒಟ್ಟಿಗೇ ಬಂದವು. ಹಮೀದಾಕ ಅಂಗಡಿ ಮಾರಿ, ತಿಂಗಳ ಕೊನೆಗೆ ಊರಿಗೆ ಹೊರಡುವುದೆಂದು ನಿಶ್ಚಯವಾಯಿತು. ಪಿಕಪ್ ಹೋದರೆ ಅಕ್ಕನ ಕೆಲಸವೂ ಹೋದಂತೆಯೇ. ಇನ್ನೊಂದು ಕಡೆ, ಜರ್ಮನಿಯಲ್ಲಿ ಒಂಬತ್ತನೇ ನಂಬರಿನ ಹೆದ್ದಾರಿಯ ಪೂರ್ವಭಾಗವನ್ನು ಅಗೆದು ಆರು ಲೇನಿಗೆ ಅಗಲ ಮಾಡುತ್ತಿದ್ದರು. ಅದನ್ನು ನೋಡಿಬರಲು ಡ್ರಾಯಿಂಗ್ ವಿಭಾಗದಿಂದ ಒಬ್ಬರನ್ನು ಕಳಿಸುವುದೆಂದು ಕಂಪನಿ ತೀರ್ಮಾನಿಸಿತು. ಆ ಒಬ್ಬರು ಯಾರೆಂದು ಇಂಜಿನಿಯರು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ.

ಭಾವ ಹೋಗುವುದಿಲ್ಲ ಎಂದುಬಿಟ್ಟರು!

ಶುಕ್ರವಾರ ಊಟಕ್ಕೆ ಕೂತಾಗ ನಾವೆಲ್ಲ ಅವರನ್ನು ವಿಚಾರಿಸಿಕೊಂಡೆವು. ಅಗೆದುಹಾಕಿದ ರಸ್ತೆಯಲ್ಲಿ ನೋಡುವುದೇನಿದೆ, ಹೊಂಡ ನೋಡಲಿಕ್ಕೆ ವಿಮಾನ ಹತ್ತಬೇಕೇ, ಕೆಲಸ ಮುಗಿಯಲಿ, ಆಮೇಲೆ ನೋಡುವ ಎಂದು ಅವರ ಸಮಜಾಯಿಷಿ. ಇಷ್ಟು ವರ್ಷ ನಮ್ಮ ರೊಟ್ಟಿಯನ್ನು ಹಾಳುಮಾಡಿದ್ದು ಇದಕ್ಕೋ ಎಂದು ನಾನು ಗೇಲಿ ಮಾಡಿದೆ. ಅಕ್ಕ ಕೂಡ ನಕ್ಕಳು. ಭಾವ ರೊಟ್ಟಿ ಜೋಡಿಸದೆ ಸುಮ್ಮನೆ ಊಟ ಮಾಡಿದರು.

ಕೆಲವು ದಿನಗಳ ಮೇಲೆ ಮತ್ತೆ ಅವರ ರಸ್ತೆ ಪರೀಕ್ಷೆ ಬಂತು. ದೂರದ ಅಲ್ ಖೌದ್‌ನಲ್ಲಿದ್ದ ನಾನು ಬಂದು ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಪರೀಕ್ಷೆಯ ಮೈದಾನದ ಬೆಂಚಿನ ಮೇಲೆ ಸರದಿಗೆ ಕಾಯುತ್ತಾ, ಜರ್ಮನಿಗೆ ಕೊನೆಗೆ ಯಾರು ಹೋಗುವುದೆಂದು ಮಾತಿಗೆ ಕೇಳಿದೆ.

"ಜೂನಿಯರ್ ಒಬ್ಬ. ಇವತ್ತು ಬೆಳಿಗ್ಗೆ ಹೋದ," ಎಂದರು.

ನಾನು ಅವರ ಮುಖ ನೋಡಿದೆ. "ಇವತ್ತಾ? ಪರೀಕ್ಷೆಯನ್ನೇ ಮುಂದೆ ಹಾಕಬಹುದಿತ್ತಲ್ಲ ಭಾವ?"

"ಮುಂದೆ ಹಾಕಿದರೆ ಇನ್ನು ಎಷ್ಟೋ ತಿಂಗಳಿಗೆ ಡೇಟ್ ಇಲ್ಲ. ಹಮೀದಾಕ ಹೋದ ಮೇಲೆ ಇವಳು ಶಾಲೆಗೆ ಹೋಗುವುದು ಹೇಗೆ?" ಪೀಪಾಯಿಗಳ ಕಡೆ ನೋಡುತ್ತಲೇ ಮುಂದುವರಿಸಿದರು. "ಶಾಲೆಯ ಮಕ್ಕಳ ಹೆಸರು ಎಲ್ಲ ಇವಳಿಗೆ ಬಾಯಿಪಾಠ. ಮನೆಗೆ ಬಂದು ಒಂದೊಂದೇ ಹೇಳ್ತಾಳೆ, ಯಾರು ಅತ್ತದ್ದು, ಯಾರು ಬಿದ್ದದ್ದು. ನಾನು ಅಷ್ಟು ವರ್ಷ ಊರುಗಳ ಹೆಸರು ಹೇಳುವಾಗ ಅವಳು ಕೇಳಿದ್ದಾಳಲ್ಲ ಮಾರಾಯ. ಈಗ ಅವಳ ಸರದಿ. ನೀನು ಇದನ್ನೆಲ್ಲ ಅವಳ ಹತ್ತಿರ ಹೇಳ್ಲಿಕ್ಕೆ ಹೋಗಬೇಡ."

ಅಷ್ಟರಲ್ಲಿ ಅವರ ಹೆಸರು ಕೂಗಿದರು. ಭಾವ ಎದ್ದು, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಕಾರು ಹತ್ತಿದರು. ರೌಂಡಬೌಟಿನ ಅಂಚಿನಲ್ಲಿ ಕಾರು ಚೂರು ನಿಧಾನವಾದದ್ದು ನನಗೆ ದೂರದಿಂದ ಕಂಡಿತು. ಒಂದು ನೀರಿನ ಟ್ಯಾಂಕರು ದಾಟಿತು. ಅದರ ಹಿಂದೆಯೇ ಭಾವ ನುಗ್ಗಿದರು.

ಆ ದಿನ ಅವರಿಗೆ ಲೈಸೆನ್ಸ್ ಸಿಕ್ಕಿತು. ಅಕ್ಕ ಮಸ್ಕತ್ ಬಿಡುವವರೆಗೂ ಆ ಶಾಲೆಯಲ್ಲಿ ಪಾಠ ಮಾಡಿದಳು. ಭಾವ ಜರ್ಮನಿಗೆ ಹೋಗಲಿಲ್ಲ.